ಹ್ಯಾಂಗ್ ಆಗಿಲ್ಲ, ಕಾಯ್ತಾ ಇದೆ

ಜುಲೈ 7, ಸೋಮವಾರ

ಇವತ್ತು ಕಾಲೇಜಿನಲ್ಲಿ ನನ್ನ ಕುತ್ತಿಗೆಗೆ ಹೊಸ ಹಗ್ಗ ಬಿತ್ತು. ಹಗ್ಗದ ಹೆಸರು ಸಾಕೆಟ್ ಪ್ರೋಗ್ರಾಮಿಂಗ್. ಒಂದು ಕಂಪ್ಯೂಟರ್ ಇನ್ನೊಂದು ಕಂಪ್ಯೂಟರಿನ ಜೊತೆ ಮಾತಾಡುವಂತೆ ಪ್ರೋಗ್ರಾಂ ಬರೆಯುವ ವಿದ್ಯೆಯಂತೆ. ಬಿ.ಸಿ.ಎ. ಹುಡುಗರಿಗೆ ಹೊಸ ಸಿಲಬಸ್ಸಿನಲ್ಲಿ ಅದು ಕಡ್ಡಾಯವಾಗಿದೆ. ಕಾರ್ಯದರ್ಶಿಗಳು ಕರೆಸಿ ಹೇಳಿದರು: ಕಂಪ್ಯೂಟರ್ ವಿಭಾಗಕ್ಕೆ ಇನ್ನು ಮೇಲೆ ಒಂದೇ ಹುದ್ದೆ, ಅದು ಈ ಸಾಕೆಟ್ ಬಲ್ಲವರಿಗೆ, ಗೌರಿ ಹಬ್ಬಕ್ಕೆ ಮುಂಚೆ ಸಂದರ್ಶನ, ಹೊರಗಿನವರೂ ಅರ್ಜಿ ಹಾಕಬಹುದು. ನಿಮಗೆ ಬರುತ್ತಲ್ಲ ಮೇಡಂ ಎಂದು ಕೇಳಿದರು. ಅದೆಲ್ಲ ಬೇಸಿಕ್ ಅಲ್ವಾ ಸರ್ ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನನ್ನು ಮೀರಿಸಿದವರು ಬೇಲೂರಿನಲ್ಲಿ ಇಲ್ಲ.

‘ಗೊತ್ತಿಲ್ಲ’ ಎಂಬ ಮಾತು ಇಷ್ಟು ವರ್ಷದಲ್ಲಿ ತರಗತಿಯೊಳಗೆ ನನ್ನ ಬಾಯಿಂದ ಬಂದಿಲ್ಲ. ಹುಡುಗರು ಏನಾದರೂ ಕೇಳಿದರೆ ಅದು ಸಿಲಬಸ್ಸಿನಲ್ಲಿ ಇಲ್ಲ ಎನ್ನುತ್ತೇನೆ. ಇದೆ ಎಂದು ತೋರಿಸಿದರೆ, ಮುಂದಿನ ಯೂನಿಟ್‌ನಲ್ಲಿ ಬರುತ್ತೆ ಎನ್ನುತ್ತೇನೆ. ನಡೆಯುತ್ತಿರುವುದೇ ಕೊನೆಯ ಯೂನಿಟ್ ಆಗಿದ್ದರೆ, ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಗದರುತ್ತೇನೆ. ಈ ಮೂರರಲ್ಲೇ ನನ್ನ ಮೇಷ್ಟ್ರಗಿರಿ ನಡೆದು ಬಂದಿದೆ, ರಿಸಲ್ಟೂ ಚೆನ್ನಾಗಿಯೇ ಬಂದಿದೆ. ಪರೀಕ್ಷೆಯವರೂ ನನ್ನ ನೋಟ್ಸಿನ ಮಟ್ಟದಲ್ಲೇ ಕೇಳುತ್ತಾರೆ.

ಆದರೆ ಈ ಸಲ ಭಯವಾಗಿದೆ. ಜಾವಗಲ್ಲಿನಲ್ಲಿ ನಾನು ಕೊಬ್ಬರಿ ಮಂಡಿ ಕುಮಾರಸ್ವಾಮಿಯ ಹೆಂಡತಿ, ನಂಜಪ್ಪನವರ ಸೊಸೆ. ಬಸ್ಸು ಹಳೇಬೀಡು ದಾಟಿ ಬೇಲೂರು ಮುಟ್ಟಿದ ಮೇಲೆ ಮಾತ್ರ ಪ್ರತಿಮಾ ಮೇಡಂ. ಹುದ್ದೆ ಹೋದರೆ ಆ ಹೆಸರಿಟ್ಟು ಕರೆಯುವವರು ಯಾರೂ ಇರುವುದಿಲ್ಲ.

ಜುಲೈ 10, ಗುರುವಾರ

ಮೊನ್ನೆ ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟಿಗೆ ಫೋನ್ ಮಾಡಿದೆ. ಶುಲ್ಕ ಕೇಳಿ ಕುಳಿತೆ. ನಿಂತೇ ಮಾಡಿದ್ದೆ, ಕುಳಿತೆ. ಕಂತಿನಲ್ಲಿ ಕಟ್ಟಬಹುದು ಅಕ್ಕಾ ಎಂದ ಆ ಹುಡುಗ ಅಂದಿನಿಂದ ಹೊತ್ತು ಗೊತ್ತಿಲ್ಲದೆ ಫೋನ್ ಮಾಡುತ್ತಿದ್ದಾನೆ. ನಮ್ಮ ಮನೆಯವರು ಒಮ್ಮೆ ಎತ್ತಿ, ಕೊಬ್ಬರಿ ರೇಟು ಕೇಳುವವನೆಂದು ತಿಳಿದು ಬಹಳ ಹೊತ್ತು ಚೌಕಾಸಿ ಮಾಡಿದರು. ಇಬ್ಬರೂ ತೃಪ್ತರಾದಂತೆ ಕಂಡಿತು.

ಉಚಿತ ಎಂದು ಹೇಳಿದ ಆ್ಯಪ್ ಮೊದಲ ಪಾಠದಲ್ಲಿ ಸ್ವಾಗತ ಕೋರಿತು, ಎರಡನೆಯದರಲ್ಲಿ ಬ್ಯಾಂಕ್ ಕಾರ್ಡು ಕೇಳಿತು. ವೀಡಿಯೊದಲ್ಲಿ ಒಬ್ಬ ಮಹಾನುಭಾವ ತುಂಬಾ ಚೆನ್ನಾಗಿ ಹೇಳುತ್ತಾನೆ, ಆದರೆ ಅವನ ಇಂಗ್ಲಿಷ್ ಇಂಗ್ಲಿಷೋ ಹಿಂದಿಯೋ ಎಂದು ತಿಳಿಯುವಷ್ಟರಲ್ಲಿ ಜಾಹೀರಾತು ಬರುತ್ತದೆ. ಜ್ಞಾನ ಗಾಳಿಯಷ್ಟೇ ಸುಲಭವಾಗಿ ಸಿಗುತ್ತದೆ ಎಂದು ಭಾಷಣ ಮಾಡುವವರನ್ನು ಒಂದು ದಿನ ನನ್ನ ಫೋನ್ ಹಿಡಿಸಿ ಕೂರಿಸಬೇಕು.

ಜುಲೈ 11, ಶುಕ್ರವಾರ

ಸಾಕೆಟ್ ಲ್ಯಾಬಿಗೆ ಸಾಮಾನು ಬೇಕು ಎಂದು ಬರೆದುಕೊಟ್ಟಿದ್ದೆ. ಇವತ್ತು ಡಬ್ಬಗಳು ಬಂದವು. ಗೋಡೆಗೆ ಹಾಕುವ ಪ್ಲಗ್ ಸಾಕೆಟ್‌ಗಳು, ಸ್ವಿಚ್ಚಿನ ಸಮೇತ. ಕಾರ್ಯದರ್ಶಿಗಳ ಸ್ವಂತ ಎಲೆಕ್ಟ್ರಿಕಲ್ ಅಂಗಡಿಯಿಂದಲೇ ಬಂದಿವೆ, ಬಿಲ್ಲು ಕಾಲೇಜಿನ ಹೆಸರಿಗೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಎಣಿಸಿ ಒಳಗಿಡಿಸಿದೆ. ಇದಲ್ಲ ಎಂದಿದ್ದರೆ, ಹಾಗಾದರೆ ನಿಜವಾದ ಸಾಕೆಟ್ ಯಾವುದು ಎಂದು ಕೇಳುತ್ತಿದ್ದರು.

ಜುಲೈ 13, ಭಾನುವಾರ

ಅರಸೀಕೆರೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಬೇಕರಿಯ ಮಹಡಿಯಲ್ಲಿ ಬ್ರಹ್ಮಾಂಡ ಇನ್ಫೋಟೆಕ್ ಎಂಬ ಬೋರ್ಡು ಇದೆ. ಅದರಲ್ಲಿ ಟ್ಯಾಲಿ, ಡಿಟಿಪಿ, ಸ್ಪೋಕನ್ ಇಂಗ್ಲಿಷ್ ಆದ ಮೇಲೆ ಸಾಕೆಟ್ ಪ್ರೋಗ್ರಾಮಿಂಗ್ ಎಂದೂ ಬರೆದಿದೆ. ಫೀಸು ನಮ್ಮಂಥವರ ಕೈಗೆ ಎಟುಕುವಂತಿದೆ. ಖುಷಿಯಿಂದ ಮೆಟ್ಟಿಲು ಹತ್ತಿದೆ.

ಮಾಲೀಕರ ಹೆಸರು ಅರುಣ್‌ಕುಮಾರ್. ಟೀ ತರಿಸಿದರು. ಕಲಿಸುವವರು ಯಾರು ಎಂದು ಕೇಳಿದೆ, ಬರ್ತಾರೆ ಎಂದರು. ಯಾವಾಗ ಎಂದೆ, ಸಿಕ್ಕಿದ ಮೇಲೆ ಎಂದರು. ಹುಡುಗರಿಂದ ಫೀಸು ಕಟ್ಟಿಸಿಕೊಂಡಾಗಿದೆ, ಮೇಷ್ಟ್ರು ಮಾತ್ರ ಬಾಕಿ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಎಂದು ತಿಳಿದ ಕೂಡಲೇ ಅವರ ಮುಖ ಅರಳಿತು.

“ನೀವೇ ಬಂದ್ಬಿಡಿ ಮೇಡಂ. ಭಾನುವಾರ ಒಂದಿನ. ನೀವ್ ಫೀಸ್ ಕೊಡೋದ್ ಬೇಡ, ನಾನೇ ಕೊಡ್ತೀನಿ.”

ಕಲಿಯಲು ಹೋದವಳು ಕಲಿಸುವ ಕೆಲಸ ಹಿಡಿದು ಇಳಿದು ಬಂದೆ. ಇಲ್ಲ ಎನ್ನಬೇಕಿತ್ತು. ಎನ್ನಲಿಲ್ಲ, ಏಕೆಂದರೆ ಅದು ಗೊತ್ತಿಲ್ಲ ಎಂದಂತೆ ಆಗುತ್ತಿತ್ತು. ಇನ್ನೊಂದು ಷರತ್ತು ಹಾಕಿದ್ದಾರೆ. ನಾನು ಬೇಲೂರಿನ ಕಾಲೇಜಿನವಳೆಂದು ಯಾರಿಗೂ ಹೇಳಕೂಡದು, ಬೆಂಗಳೂರಿನ ಎಕ್ಸ್‌ಪರ್ಟ್ ಎನ್ನಬೇಕು. ಲೋಕಲ್ ಅಂದ್ರೆ ಯಾರೂ ಕೂರಲ್ಲ ಮೇಡಂ ಎಂದರು.

ಜುಲೈ 17, ಗುರುವಾರ

ಮಂಡಿಯಲ್ಲಿ ಬಿಲ್ಲು ಹೊಡೆಯುವ ಹಳೆಯ ಕಂಪ್ಯೂಟರಿನಲ್ಲಿ ಕಲಿಯಲು ಕೂತೆ. ಒಂದು ಒಳ್ಳೆಯ ಸುದ್ದಿ ಸಿಕ್ಕಿತು. ಎರಡು ಕಂಪ್ಯೂಟರ್ ಬೇಕಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ. ಒಂದೇ ಕಂಪ್ಯೂಟರಿನೊಳಗೆ ಎರಡು ಪ್ರೋಗ್ರಾಂ ಇಟ್ಟು ತನ್ನೊಂದಿಗೆ ತಾನೇ ಮಾತಾಡುವಂತೆ ಮಾಡಬಹುದು. ಈ ದಿನಚರಿಯ ಹಾಗೆಯೇ, ಖರ್ಚಿಲ್ಲ.

ಮೊದಲು ಸರ್ವರ್ ಎಂಬ ಪ್ರೋಗ್ರಾಂ ಓಡಿಸಬೇಕು, ಆಮೇಲೆ ಅದನ್ನು ಮಾತಾಡಿಸುವ ಕ್ಲೈಂಟ್. ಸರ್ವರ್ ಓಡಿಸಿದೆ. ಪರದೆ ಕಪ್ಪಾಗಿ ನಿಂತಿತು. ಒಂದಕ್ಷರ ಇಲ್ಲ. ಹ್ಯಾಂಗ್ ಆಯಿತು. ಮುಚ್ಚಿ ಮತ್ತೆ ಓಡಿಸಿದೆ. ಮತ್ತೆ ಹ್ಯಾಂಗ್.

ಜುಲೈ 18, ಶುಕ್ರವಾರ

ಹ್ಯಾಂಗ್.

ಜುಲೈ 20, ಭಾನುವಾರ

ಅರಸೀಕೆರೆಯಲ್ಲಿ ಮೊದಲ ಪಾಠ. ಸಾಕೆಟ್ ಎಂದರೇನು ಎಂಬುದರ ವ್ಯಾಖ್ಯೆಯನ್ನು ಪೂರ್ತಿ ಅವಧಿ ಬರೆಸಿದೆ. ಅಲ್ಪವಿರಾಮಗಳನ್ನೂ ಹೇಳಿ ಬರೆಸಿದೆ. ಹಳೇಬೀಡಿನಿಂದ ಬರುವ ಶ್ರೀಜಾ ಎಂಬ ಹುಡುಗಿ, ಅಲ್ಲಿನ ಸಂಸ್ಕೃತ ಮೇಷ್ಟ್ರು ಅನಂತರಾಮು ಅವರ ಮಗಳಂತೆ, ಕೈ ಎತ್ತಿ ಒಂದು ಸಲ ಓಡಿಸಿ ತೋರಿಸ್ತೀರಾ ಮೇಡಂ ಎಂದಳು. ಮುಂದಿನ ಯೂನಿಟ್‌ನಲ್ಲಿ ಬರುತ್ತೆ ಎಂದೆ. ಈ ಕೋರ್ಸಿಗೆ ಯೂನಿಟ್ಟುಗಳೇ ಇಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು. ಹುಡುಗಿ ತಲೆನೋವು. ಮುಖದಲ್ಲಿ ನಂಬಿಕೆ ಇಟ್ಟುಕೊಂಡು ಕೇಳುತ್ತಾಳೆ.

ಜುಲೈ 23, ಬುಧವಾರ

ಇವತ್ತಿನದು ಬರೆದಿಡಲೇಬೇಕು, ಅಷ್ಟು ಸಂತೋಷವಾಗಿದೆ.

ಕಾಲೇಜಿಗೆ ರಜೆ ಹಾಕಿದ್ದೆ. ಮಧ್ಯಾಹ್ನ ಮಾವನವರಿಗೆ ಊಟ ತೆಗೆದುಕೊಂಡು ಮಂಡಿಗೆ ಹೋದೆ. ನಮ್ಮ ಮನೆಯವರು ತೋಟಗಳ ಕಡೆ ಕೊಬ್ಬರಿ ನೋಡಲು ಹೋಗಿದ್ದರು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಮಾವನವರು ಬಾಗಿಲ ಎದುರು ಗಾದಿಯ ಮೇಲೆ ಅರೆಗಣ್ಣು ಮುಚ್ಚಿ ಕೂತಿದ್ದರು. ನನಗೋ ವಾರದಿಂದ ಆ ಕಪ್ಪು ಪರದೆಯ ಸಿಟ್ಟು. ಯಾರೂ ಬರದಿದ್ದ ಮೇಲೆ ಬಾಗಿಲು ಹಾಕಿಕೊಂಡು ಮನೆಗೆ ಬರಬಾರದೇ, ಎಷ್ಟು ಹೊತ್ತು ಸುಮ್ಮನೆ ಕೂರುತ್ತೀರಿ ಎಂದುಬಿಟ್ಟೆ. ಮಾವನವರಿಗೆ ಅವಮಾನವಾಯಿತು.

“ಸುಮ್ನೆ ಯಾರಮ್ಮಾ ಕೂತವ್ರೆ? ಬಾಗ್ಲು ತೆಗೆದೈತೆ, ತಕ್ಕಡಿ ಐತೆ. ಕಾಯ್ತಾ ಇವ್ನಿ. ಗಿರಾಕಿ ಬರೋಗಂಟ ಇದೇ ಕೆಲ್ಸ. ನೀನ್ ಬಂದ್ ಬಂದ್ ಬಾಗ್ಲು ಹಾಕುದ್ರೆ ಬರೋ ಗಿರಾಕೀನೂ ಹೊಂಟೋಯ್ತಾನೆ.”

ಊಟದ ಕ್ಯಾರಿಯರ್ ಅಲ್ಲೇ ಇಟ್ಟು ಒಳಗೆ ಓಡಿದೆ. ಸರ್ವರ್ ಓಡಿಸಿದೆ. ಪರದೆ ಕಪ್ಪಾಯಿತು. ಈ ಸಲ ಮುಚ್ಚಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆಗೆದು ಕ್ಲೈಂಟ್ ಓಡಿಸಿದೆ. ಕಪ್ಪು ಪರದೆಯ ಮೇಲೆ ‘ನಮಸ್ಕಾರ’ ಎಂದು ಬಂತು. ನಾನೇ ಬರೆದಿದ್ದ ನಮಸ್ಕಾರ, ಆದರೂ ಯಾರೋ ಬಂದು ಬಾಗಿಲಲ್ಲಿ ನಿಂತು ಹೇಳಿದ ಹಾಗಾಯಿತು. ಅದು ಒಂದು ದಿನವೂ ಹ್ಯಾಂಗ್ ಆಗಿರಲಿಲ್ಲ. ತೆಗೆದ ಅಂಗಡಿಯನ್ನು ನಾನೇ ಮುಚ್ಚುತ್ತಾ ಬಂದಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದು ಹಳೆಯ ಕಂಪ್ಯೂಟರಿಗೆ ಎಷ್ಟೊಂದು ಬೈದಿದ್ದೆ.

ಮಾವನವರಿಗೆ ಹೇಳಿದೆ. ಅವರಿಗೆ ಅರ್ಥವಾದದ್ದು ಒಂದೇ: ಕಂಪ್ಯೂಟರ್ ಕೂಡ ವ್ಯಾಪಾರಕ್ಕೆ ಕೂತಿದೆ, ಕರೆಂಟು ಬಿಲ್ಲು ಜಾಸ್ತಿ ಬರುತ್ತದೆ.

ಜುಲೈ 27, ಭಾನುವಾರ

ಅರಸೀಕೆರೆಯಲ್ಲಿ ಕರೆಂಟಿಲ್ಲ. ವ್ಯಾಖ್ಯೆ ಬರೆಸಲು ಮನಸ್ಸು ಬರಲಿಲ್ಲ. ಬೇಕರಿಯವರಿಂದ ಒಂದು ಟವೆಲ್ ತರಿಸಿದೆ. ದನದ ಸಂತೆಯಲ್ಲಿ ಹಳಬರು ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲೇ ಬೆಲೆ ಮಾತಾಡುತ್ತಾರಲ್ಲ, ಅದನ್ನು ಮಾಡಿಸಿದೆ. ಒಬ್ಬ ಕೈ ಚಾಚಬೇಕು, ಇನ್ನೊಬ್ಬ ಹಿಡಿಯಬೇಕು, ಮೊದಲಿನವನು ಒತ್ತಿ ಒಪ್ಪಿಗೆ ಕೊಡಬೇಕು. ಮೂರೂ ಆಗದೆ ಬೆಲೆಯ ಮಾತು ಶುರುವಾಗದು. ಎರಡು ಕಂಪ್ಯೂಟರುಗಳೂ ಮಾತಿಗೆ ಮುಂಚೆ ಹೀಗೆಯೇ ಮಾಡುತ್ತವೆ ಎಂದು ಹೇಳಿದೆ. ಹುಡುಗರು ನಕ್ಕು ನಕ್ಕು ಕಲಿತರು. ಮಧ್ಯೆ ಒಬ್ಬರು ಕೈ ಬಿಟ್ಟು ಹೋದರೆ ಇನ್ನೊಬ್ಬರಿಗೆ ಹೇಗೆ ಗೊತ್ತಾಗುತ್ತೆ ಮೇಡಂ ಎಂದು ಶ್ರೀಜಾ ಕೇಳಿದಳು. ಗೊತ್ತಿಲ್ಲ, ನೋಡ್ಕೊಂಡ್ ಬಂದು ಹೇಳ್ತೀನಿ ಎಂದೆ. ಬರುವಾಗ ಬೇಕರಿಯಲ್ಲಿ ಖಾರದ ಬನ್ನು ತಂದೆ, ಚೆನ್ನಾಗಿತ್ತು.

ಆಗಸ್ಟ್ 3, ಭಾನುವಾರ

ಹಳೇಬೀಡಿನಿಂದ ಬಂದ ಬಸ್ಸಿನಲ್ಲಿ ಶ್ರೀಜಾ ನನಗೆ ಸೀಟು ಹಿಡಿದಿದ್ದಳು. ಜಾವಗಲ್ಲಿನಲ್ಲಿ ನನ್ನ ನೆಂಟರ ಮನೆ ಇದೆ ಎಂದು ಅವಳು ತಿಳಿದಿದ್ದಾಳೆ. ಬೆಂಗಳೂರಿನ ಎಕ್ಸ್‌ಪರ್ಟು ಜಾವಗಲ್ಲಿನಲ್ಲಿ ಬಸ್ಸು ಹತ್ತಲು ಬೇರೆ ಏನು ಕಾರಣ ಹೇಳಲಿ. ಮಾತಿಗೆ ಮಾತು ಬಂದು, ಈ ಕೋರ್ಸಿಗೆ ಏಕೆ ಸೇರಿದೆ ಎಂದು ಕೇಳಿದೆ. ಅಪ್ಪ ಮುಂದಿನ ವರ್ಷ ರಿಟೈರ್ ಆಗುತ್ತಾರೆ, ಮನೆಗೆ ಹತ್ತಿರದಲ್ಲಿ ಕೆಲಸ ಬೇಕು, ಬೇಲೂರಿನ ಒಂದು ಕಾಲೇಜಿಗೆ ಅರ್ಜಿ ಹಾಕಿದ್ದೇನೆ ಎಂದಳು. ಯಾವ ಕಾಲೇಜು ಎಂದೆ. ಹೇಳಿದಳು. ನಮ್ಮದೇ.

“ಅಲ್ಲಿ ಈಗ ಒಬ್ರು ಮೇಡಂ ಇದಾರಂತೆ. ಅವ್ರಿಗೆ ಏನೂ ಬರಲ್ವಂತೆ ಮೇಡಂ. ಹುಡುಗ್ರು ಮುಂದಿನ ಯೂನಿಟ್ ಮೇಡಂ ಅಂತ ಹೆಸರಿಟ್ಟಿದಾರಂತೆ.”

ಅವಳು ನಕ್ಕಳು. ನಾನೂ ನಗಬೇಕಾಯಿತು. ಕಿಟಕಿಯಿಂದಾಚೆ ನೋಡಿದೆ. ಹೆಸರಿಟ್ಟವರು ಯಾರಿರಬಹುದು ಎಂದು ಒಬ್ಬೊಬ್ಬನ ಮುಖವನ್ನೂ ನೆನೆಸಿಕೊಂಡೆ. ಎಲ್ಲರೂ ಇಟ್ಟಿರಬಹುದು ಅನ್ನಿಸಿತು.

ಇವತ್ತು ಮೊದಲ ಸಲ ಎಲ್ಲರೂ ಕಂಪ್ಯೂಟರಿನ ಮುಂದೆ ಕೂರುವ ದಿನ. ಪಾಠ ಎಷ್ಟು ಬೇಕೋ ಅಷ್ಟೇ ಮಾಡಿದೆ, ಸರ್ವರಿನ ಪ್ರೋಗ್ರಾಂ ಬೋರ್ಡಿನ ಮೇಲೆ ಬರೆದೆ, ಕ್ಲೈಂಟಿನದೂ ಬರೆದೆ, ಎರಡಕ್ಕೂ ಇರುವ ನಂಟು ಹೇಳಲಿಲ್ಲ. ಶ್ರೀಜಾ ಎಲ್ಲರಿಗಿಂತ ಮೊದಲು ಮುಗಿಸಿ ಸರ್ವರ್ ಓಡಿಸಿದಳು. ಪರದೆ ಕಪ್ಪಾಯಿತು. ಮೇಡಂ, ಹ್ಯಾಂಗ್ ಆಯ್ತು ಅನ್ಸುತ್ತೆ ಎಂದಳು. ಇರಬಹುದು, ಹಳೇ ಮಷಿನ್ನು ಎಂದೆ. ಅವಳು ಮುಚ್ಚಿದಳು, ಓಡಿಸಿದಳು, ಮುಚ್ಚಿದಳು. ಪಾಠ ಮುಗಿದ ಮೇಲೂ ಎದ್ದೇಳಲಿಲ್ಲ. ಇನ್ನೊಂದ್ ಸ್ವಲ್ಪ ಹೊತ್ತು ಕೂರ್ತೀನಿ ಮೇಡಂ ಎಂದಳು. ಕೂತ್ಕೋ ಎಂದು ಹೇಳಿ ಇಳಿದು ಬಂದು ಬಸ್ಸು ಹತ್ತಿದೆ.

ಕಡಲೇಕಾಯಿ ಕೊಂಡೆ. ಸಮಾಧಾನವಾಗಿ ತಿನ್ನೋಣ ಎಂದುಕೊಂಡೆ. ನನ್ನ ಹುದ್ದೆಗೆ ಕೈ ಹಾಕಿದವಳಿಗೆ ಆಗಬೇಕಾದದ್ದೇ. ಆದರೆ ಅವಳು ಅಲ್ಲಿ ಮುಚ್ಚುತ್ತಾ ತೆಗೆಯುತ್ತಾ ಕೂತಿರುವುದು ಕಣ್ಣಿಗೆ ಕಟ್ಟಿತು. ನಾನು ಎಷ್ಟು ದಿನ ಹಾಗೆ ಕೂತಿದ್ದೆ ಎಂಬುದೂ ನೆನಪಾಯಿತು. ಸಿಪ್ಪೆ ಸುಲಿದು ಕೈಯಲ್ಲೇ ಹಿಡಿದಿದ್ದೆ. ಅರ್ಧ ದಾರಿಯಲ್ಲಿ ಫೋನ್ ತೆಗೆದೆ.

“ಶ್ರೀಜಾ, ಅದನ್ನ ಮುಚ್ಚಬೇಡ ಕಣೇ. ಹ್ಯಾಂಗ್ ಆಗಿಲ್ಲ, ಕಾಯ್ತಾ ಇದೆ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆಗ್ದು ಕ್ಲೈಂಟ್ ಓಡ್ಸು.”

ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. ಆಮೇಲೆ ಅವಳು ಕಿರುಚಿದ್ದು ನನ್ನ ಪಕ್ಕದವರಿಗೂ ಕೇಳಿಸಿತು. ಏನಮ್ಮಾ, ಹೆರಿಗೆ ಆಯ್ತಾ ಎಂದು ಆ ಅಜ್ಜಿ ಕೇಳಿದರು.

ನಾನೇನು ಉದಾರಿಯಾಗಿ ಫೋನ್ ಮಾಡಲಿಲ್ಲ. ಹುಡುಗಿ ಬಸ್ಸು ತಪ್ಪಿಸಿಕೊಂಡರೆ ಅವರಪ್ಪ ನನ್ನನ್ನೇ ಕೇಳುತ್ತಿದ್ದರು. ಅದಕ್ಕೇ ಮಾಡಿದೆ, ಬೇರೇನಿಲ್ಲ.

ಆಗಸ್ಟ್ 12, ಮಂಗಳವಾರ

ಕಾಲೇಜಿನಲ್ಲಿ ಒಬ್ಬ ಹುಡುಗ ಸಂದೇಹ ಕೇಳಿದ. ಇಬ್ಬರೂ ಕೂತು ಓಡಿಸಿ ನೋಡಿದೆವು. ಬೆಲ್ಲು ಹೊಡೆದದ್ದು ತಿಳಿಯಲಿಲ್ಲ, ಬಸ್ಸು ತಪ್ಪಿತು. ಈಚೆಗೆ ಯಾಕೋ ನನ್ನ ಶಿಸ್ತು ಹಾಳಾಗುತ್ತಿದೆ.

ಆಗಸ್ಟ್ 17, ಭಾನುವಾರ

ಕೋರ್ಸು ಮುಗಿಯಿತು. ಅರುಣ್‌ಕುಮಾರ್ ಬಂಗಾರದ ಅಂಚಿನ ಸರ್ಟಿಫಿಕೇಟುಗಳನ್ನು ಮೊದಲೇ ಅಚ್ಚು ಹಾಕಿಸಿಟ್ಟಿದ್ದರು. ಅಂಚಿನಷ್ಟು ಗಟ್ಟಿಯಾದದ್ದು ಆ ಕೋರ್ಸಿನಲ್ಲಿ ಮತ್ತೊಂದಿರಲಿಲ್ಲ. ತರಬೇತುದಾರರ ಸಹಿ ಎಂಬ ಜಾಗದಲ್ಲಿ ನಾನು ಗೀಚುತ್ತಾ ಹೋದರೆ ಸಾಕಿತ್ತು. ನಾನು ಒಬ್ಬೊಬ್ಬರ ಪ್ರೋಗ್ರಾಮನ್ನೂ ಓಡಿಸಿ ನೋಡಿದೆ. ಓಡಿಸಲಾಗದ ಇಬ್ಬರಿಗೆ, ಮುಂದಿನ ವಾರ ಬನ್ನಿ, ಕೂತು ಸರಿಮಾಡೋಣ ಎಂದೆ. ಅರುಣ್‌ಕುಮಾರ್ ಮುಖ ಸಪ್ಪೆ ಮಾಡಿಕೊಂಡರು. ಫೀಸು ಕಟ್ಟಿದವರನ್ನು ಫೇಲು ಮಾಡುವುದು ಅವರ ಧರ್ಮದಲ್ಲಿ ಇಲ್ಲ. ಶ್ರೀಜಾಳ ಪ್ರೋಗ್ರಾಂ ನನ್ನದಕ್ಕಿಂತ ಚೆನ್ನಾಗಿತ್ತು. ಅವಳದಕ್ಕೆ ಮೊದಲು ಸಹಿ ಹಾಕಿದೆ.

ಕಾಲೇಜಿನಿಂದ ಸಂದೇಶ ಬಂದಿದೆ: ಸಂದರ್ಶನಕ್ಕೆ ತರಬೇತಿಯ ಸರ್ಟಿಫಿಕೇಟ್ ಕಡ್ಡಾಯ. ಅರುಣ್‌ಕುಮಾರ್ ಅಲ್ಲೇ ನನ್ನ ಹೆಸರಿಗೂ ಒಂದು ಅಚ್ಚು ಹಾಕಿಸಿಕೊಟ್ಟರು. ಸಹಿ ನೀವೇ ಹಾಕ್ಕೊಂಡ್ಬಿಡಿ, ಟ್ರೈನರ್ ನೀವೇ ಅಲ್ವಾ ಎಂದರು.

ಮನೆಗೆ ತಂದು ಮೇಜಿನ ಮೇಲಿಟ್ಟು ನೋಡಿದೆ. ಪ್ರತಿಮಾ ಅವರಿಗೆ ಪ್ರತಿಮಾ ಅವರು ಕಲಿಸಿದ್ದಾರೆ ಎಂದು ಅದು ಹೇಳುತ್ತದೆ. ಪೆನ್ನು ಎತ್ತಿದೆ, ಇಟ್ಟೆ. ನಮ್ಮ ಮನೆಯವರಿಗೆ ವಿಷಯ ಹೇಳಿದೆ. ಅವರು ಯೋಚನೆ ಮಾಡಿ, “ಒಂದ್ ಗೀಟ್ ಎಳೆಯೋಕ್ ಇಷ್ಟೊಂದ್ ಕಷ್ಟನೇನೇ? ಕೊಡಿಲ್ಲಿ, ಮಂಡಿ ಸೀಲ್ ಒತ್ಕೊಡ್ತೀನಿ” ಎಂದರು. ಒಳ್ಳೆಯ ಮನುಷ್ಯ. ಬೇಡವೆಂದೆ.

ಹೀಗೇಕೆ ಸಣ್ಣದಕ್ಕೆಲ್ಲ ರಗಳೆ ತೆಗೆಯುತ್ತಿದ್ದೇನೋ. ಒಂದು ಸಹಿಯ ವಿಷಯ.

ಆಗಸ್ಟ್ 22, ಶುಕ್ರವಾರ

ಇವತ್ತು ಸಂದರ್ಶನ. ಲ್ಯಾಬಿನಲ್ಲಿ ಎರಡು ಕಂಪ್ಯೂಟರಿಗೆ ವೈರು ಎಳೆದು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಬರುವಂತೆ ನಿನ್ನೆಯೇ ಸಿದ್ಧ ಮಾಡಿಟ್ಟಿದ್ದೆ. ಯಾರೂ ಆ ಕಡೆ ಬರಲಿಲ್ಲ. ಹಾಸನದಿಂದ ಬಂದಿದ್ದ ತಜ್ಞರಿಗೆ ಹೊಸ ಪ್ಲಗ್ ಸಾಕೆಟ್ಟುಗಳನ್ನು ಕಾರಿಡಾರಿನ ಕಿಟಕಿಯಿಂದಲೇ ತೋರಿಸಲಾಯಿತು. ಲ್ಯಾಬ್ ಸುಸಜ್ಜಿತವಾಗಿದೆ ಎಂದು ಅವರು ಬರೆದುಕೊಂಡರು.

ಕೊನೆಗೆ ಉಳಿದವರು ನಾವಿಬ್ಬರು, ನಾನು ಮತ್ತು ಶ್ರೀಜಾ. ಬಾಗಿಲಲ್ಲಿ ನನ್ನನ್ನು ನೋಡಿದಾಗ ಅವಳಿಗೆ ಮೊದಲು ಖುಷಿಯಾಯಿತು, ಬೆಂಗಳೂರಿನ ತಜ್ಞೆಯಾಗಿ ಬಂದಿದ್ದೇನೆ ಎಂದುಕೊಂಡಳು. ಜವಾನ ಬಂದು ಪ್ರತಿಮಾ ಮೇಡಂ, ನಿಮ್ಮ ಕ್ಲಾಸಿನ ಬೀಗದ ಕೈ ಎಂದು ಕೇಳಿದ. ಅವಳ ಮುಖ ನೋಡಲಾಗಲಿಲ್ಲ. ಕ್ಷಮಿಸಿ ಎಂದಳೋ ಏನೋ, ಅಷ್ಟರಲ್ಲಿ ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು. ತಜ್ಞರಿಗೆ ಊಟಕ್ಕೆ ಹೊತ್ತಾಗಿತ್ತು.

ಕಾರ್ಯದರ್ಶಿಗಳು ಕಡತ ತಿರುವಿದರು. ಶ್ರೀಜಾಳ ಸರ್ಟಿಫಿಕೇಟಿನ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಕೆಳಗಿನ ಸಹಿ ಯಾರದೆಂದು ಓದದೆ ತಲೆದೂಗಿದರು. ನನ್ನದನ್ನು ತಿರುಗಿಸಿ ಹಿಂದೆಯೂ ನೋಡಿದರು.

“ಕಲಿಸಿದವರ ಸಹಿ ಇಲ್ಲವಲ್ಲ ಮೇಡಂ?”

“ಕಲಿಸಿದವರು ಯಾರೂ ಇಲ್ಲ ಸರ್.”

“ಹಾಗಾದ್ರೆ ನಿಮಗೆ ಬರುತ್ತೆ ಅನ್ನೋದಕ್ಕೆ ಏನ್ ಸಾಕ್ಷಿ?”

ಚೀಲದಲ್ಲಿ ಪೆನ್ನು ಇತ್ತು. ಮರೆತಿದ್ದೆ ಎಂದು ಹೇಳಿ ಹೊರಗೆ ಹೋಗಿ ಗೀಚಿ ತರಬಹುದಿತ್ತು. ಲ್ಯಾಬಿಗೆ ಬನ್ನಿ ಎನ್ನಬಹುದಿತ್ತು, ಆದರೆ ತಜ್ಞರು ಆಗಲೇ ಕೈ ತೊಳೆಯಲು ಎದ್ದಿದ್ದರು. ಶ್ರೀಜಾ ತಲೆ ತಗ್ಗಿಸಿ ಸೆರಗಿನ ತುದಿ ತಿರುಚುತ್ತಿದ್ದಳು.

“ಇವಳೇ ಸಾಕ್ಷಿ ಸರ್,” ಎಂದೆ. “ಏನ್ ಬೇಕಾದ್ರೂ ಕೇಳಿ. ಹೇಳ್ತಾಳೆ.”

ಅವರು ಕೇಳಲಿಲ್ಲ. ಬರೆದುಕೊಂಡರು.

ಆಗಸ್ಟ್ 25, ಸೋಮವಾರ

ಕಾಲೇಜಿನಿಂದ ಪತ್ರ ಬಂತು. ಒಲೆಯ ಮೇಲೆ ಹಾಲಿತ್ತು, ಓದುತ್ತಾ ನಿಂತು ಉಕ್ಕಿಸಿಬಿಟ್ಟೆ. ಅತ್ತದ್ದು ಹಾಲಿಗಲ್ಲ ಎಂದು ಮಾವನವರಿಗೂ ಗೊತ್ತಾಯಿತು. ಅವರು ಒಲೆ ಆರಿಸಿ ಮಂಡಿಗೆ ಹೋದರು. ಹೊಟ್ಟೆ ಉರಿಯುತ್ತಿದೆ, ಸುಳ್ಳೇಕೆ ಬರೆಯಲಿ.

ಕಾರ್ಯದರ್ಶಿಗಳನ್ನು ಮಾತ್ರ ಬೈಯಲಾರೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮಾತನ್ನು ಪೂರ್ತಿ ನಂಬಿದ್ದಾರೆ. ಸಾಕ್ಷಿಗೆ ಕೆಲಸ ಕೊಟ್ಟಿದ್ದಾರೆ.